ಆರು ಜನಕ್ಕೆ ಕರೆಂಟ್ ಕಾರು: ಅತ್ತೆ ಮೆಚ್ಚಿದ್ದು ಒಂದು, ನಾವು ಬುಕ್ ಮಾಡಿದ್ದು ಇನ್ನೊಂದು

ಮೊದಲೇ ಹೇಳಿಬಿಡುತ್ತೇನೆ. ನಾವು ಬುಕ್ ಮಾಡಿರುವುದು ಮಹೀಂದ್ರಾ ಎಕ್ಸ್‌ಇವಿ 9ಎಸ್. ನಮ್ಮ ಅತ್ತೆ ಮೆಚ್ಚಿದ್ದು ಬಿವೈಡಿ ಇಮ್ಯಾಕ್ಸ್ 7. ಕೂರುವ ಸುಖ ಒಂದನ್ನೇ ನೋಡುವುದಾದರೆ ಅತ್ತೆ ಹೇಳಿದ್ದೇ ಸರಿ. ಆದರೂ ಯಾಕೆ ಇನ್ನೊಂದಕ್ಕೆ ದುಡ್ಡು ಕಟ್ಟಿದೆವು ಅನ್ನೋದು ಸ್ವಲ್ಪ ಉದ್ದದ ಕಥೆ.

ನಮ್ಮದು ಆರು ಜನರ ಮನೆ. ಅತ್ತೆ, ಮಾವ, ನಾವಿಬ್ಬರು, ಪಿಯುಸಿ ಓದುವ ಮಗ, ಏಳನೇ ಕ್ಲಾಸಿನ ಮಗಳು. ಮನೆ ಹಾಸನದಲ್ಲಿ, ತೋಟ ಸಕಲೇಶಪುರದ ಆಚೆ ಹಾನುಬಾಳು ಕಡೆ. ಅತ್ತೆಗೆ ಎರಡೂ ಮಂಡಿ ನೋವು. ಮಗ ಆಗಲೇ ಅಪ್ಪನಿಗಿಂತ ಎತ್ತರ, ಇನ್ನೂ ಬೆಳೆಯುತ್ತಿದ್ದಾನೆ. ಇಷ್ಟು ವರ್ಷ ಡೀಸೆಲ್ ಇನ್ನೋವಾ ಓಡಿಸಿದೆವು. ಅದರ ಮೇಲೆ ದೂರೇನೂ ಇಲ್ಲ, ವಯಸ್ಸಾಗಿದೆ ಅಷ್ಟೇ. ತೋಟದ ಲೆಕ್ಕ ಬರೆಯುವವಳು ನಾನು, ಡೀಸೆಲ್ ಬಿಲ್ಲು ಫೈಲಿಗೆ ಹಾಕುವವಳೂ ನಾನೇ. ಹಾಗಾಗಿ ಮನೆಯಲ್ಲಿ ಎಲೆಕ್ಟ್ರಿಕ್ ಮಾತು ಎತ್ತಿದ್ದೂ ನಾನೇ.

ಆರು ಸೀಟಿನ ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿ ಅಂತ ಹುಡುಕಿದರೆ ಮೊದಲು ಕಾಣುವುದು ಕಿಯಾ ಇವಿ9. 2024ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂದಾಗ ಅದರ ಬೆಲೆ 1.30 ಕೋಟಿ. ನಮ್ಮ ಯಜಮಾನರು ರಾತ್ರಿ ಊಟ ಆದಮೇಲೆ ಅದರ ವಿಡಿಯೋ ನೋಡುತ್ತಿದ್ದರು. ನೋಡಲಿ, ವಿಡಿಯೋಗೆ ದುಡ್ಡಿಲ್ಲ ಅಲ್ವಾ. ನಮ್ಮ ಕೈಗೆ ಎಟುಕುವ ಕಡೆ ನಾವು ನೋಡಿದ್ದು ಈ ಎರಡನ್ನು. ಇಮ್ಯಾಕ್ಸ್ 7 ನಿಜಕ್ಕೂ ಎಸ್‌ಯುವಿ ಅಲ್ಲ, ಇನ್ನೋವಾ ಥರದ ಎಂಪಿವಿ. ಆರು ಸೀಟಿನದ್ದೂ ಇದೆ, ಏಳು ಸೀಟಿನದ್ದೂ ಇದೆ. ಎಕ್ಸ್‌ಇವಿ 9ಎಸ್ 2025ರ ನವೆಂಬರ್‌ನಲ್ಲಿ ಬಂದದ್ದು, ಏಳು ಸೀಟು, ಮಧ್ಯದಲ್ಲಿ ಮೂವರ ಬೆಂಚು. ಉದ್ದ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, 4.7 ಮೀಟರ್ ಚಿಲ್ಲರೆ.

ಕಾರು ನೋಡಲು ಹೋಗುವಾಗ ಆರೂ ಜನ ಹೋಗಬೇಕು ಅಂತ ನಾನು ಹಟ ಹಿಡಿದೆ. ಎಲ್ಲರೂ ಸ್ಟೇರಿಂಗ್ ಹಿಡಿದು ಕಾರು ಆರಿಸುತ್ತಾರೆ. ಮೂರು ಸಾಲಿನ ಕಾರನ್ನು ಕೊನೆಯ ಸಾಲಿನಿಂದ ಆರಿಸಬೇಕು. ಮುಂದಿನ ಸೀಟು ಯಾವ ಕಾರಿನಲ್ಲೂ ಕೆಟ್ಟದಾಗಿರುವುದಿಲ್ಲ. ಒಂದು ಶೋರೂಂನಲ್ಲಿ, ಯಾವುದು ಅಂತ ಹೇಳುವುದಿಲ್ಲ, ಟೆಸ್ಟ್ ಡ್ರೈವ್‌ಗೆ ಇಬ್ಬರೇ ಬನ್ನಿ ಅಂದರು. ಉಳಿದ ನಾಲ್ವರಿಗೆ ಸೋಫಾ, ಕಾಫಿ. ಮಾವ ನಿಧಾನಕ್ಕೆ, "ನಾವು ಸೋಫಾ ತಗೊಳ್ಳೋಕೆ ಬಂದಿಲ್ಲಪ್ಪಾ" ಅಂದರು. ಆಮೇಲೆ ಎಲ್ಲರನ್ನೂ ಹತ್ತಿಸಿಕೊಂಡರು.

ಇಮ್ಯಾಕ್ಸ್ 7 ನೋಡಲು ಬೆಂಗಳೂರಿಗೆ ಹೋಗಿದ್ದೆವು. ಆರು ಸೀಟಿನದರಲ್ಲಿ ಮಧ್ಯದ ಸಾಲಿಗೆ ಎರಡು ಬಿಡಿ ಸೀಟು, ನಡುವೆ ಓಣಿ. ಮಕ್ಕಳು ಯಾರನ್ನೂ ಎಬ್ಬಿಸದೆ ಆ ಓಣಿಯಲ್ಲಿ ನುಸುಳಿ ಹಿಂದೆ ಹೋಗಿ ಕೂತರು. ಕಾರು ತಗ್ಗಾಗಿದೆ, ನೆಲದಿಂದ 170 ಮಿಲಿಮೀಟರ್ ಅಷ್ಟೇ. ಅತ್ತೆ ಕಾಲು ಎತ್ತುವುದೇ ಬೇಡ, ತಿರುಗಿ ಕೂತು ಕಾಲು ಒಳಗೆ ಎಳೆದುಕೊಂಡರೆ ಮುಗಿಯಿತು. "ಇದ್ರಲ್ಲಿ ಯಾರ್ ಕೈನೂ ಹಿಡೀದೆ ಕೂತ್ಕಂಡ್ ಎದ್ದೇಳ್ಬೋದು ಕಣಮ್ಮ" ಅಂದರು. ಅವರ ಮಟ್ಟಿಗೆ ತೀರ್ಮಾನ ಅಲ್ಲೇ ಆಯಿತು.

ಎಕ್ಸ್‌ಇವಿ 9ಎಸ್ ಎತ್ತರ. ಅತ್ತೆ ಬಾಗಿಲ ಪಕ್ಕದ ಹಿಡಿ ಹಿಡಿದು, ಒಂದು ಕಾಲು ಇಟ್ಟು, ಒಂದು ಉಸಿರು ತೆಗೆದುಕೊಂಡು ಹತ್ತಬೇಕು. ಹಿಂದಕ್ಕೆ ಹೋಗಬೇಕಾದರೆ ಮಧ್ಯದ ಸೀಟು ಮಡಚಬೇಕು. ಅಂದರೆ ಮಕ್ಕಳು ಮೊದಲು ಹತ್ತಬೇಕು, ಆಮೇಲೆ ಹಿರಿಯರು. ಇಳಿಯುವಾಗ ತಿರುಗಾ ಮುರುಗಾ. ದಾರಿಯಲ್ಲಿ ಮಗಳಿಗೆ ವಾಂತಿ ಬಂದರೆ? ಘಾಟಿಯಲ್ಲಿ ಅವಳಿಗೆ ಬಂದೇ ಬರುತ್ತದೆ. ಆಗ ಅಜ್ಜಿಯನ್ನು ಎಬ್ಬಿಸಿ, ಸೀಟು ಮಡಚಿ, ಅವಳನ್ನು ಇಳಿಸುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಶಿರಾಡಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಅನ್ನಿಸುವುದಿಲ್ಲ.

ಹಿಂದೆ ಕೂತ ಮಗನ ಮಂಡಿ ಎರಡು ಕಾರಿನಲ್ಲೂ ಮೇಲಕ್ಕೇ ಇತ್ತು. ನೆಲದಡಿ ಬ್ಯಾಟರಿ ಹಾಸಿರುವುದರಿಂದ ಫ್ಲೋರ್ ಎತ್ತರವಾಗುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ಮಹೀಂದ್ರಾದಲ್ಲಿ ಮಧ್ಯದ ಸಾಲನ್ನು ಸ್ವಲ್ಪ ಮುಂದೆ ಜಾರಿಸಿದರೆ ಅವನಿಗೆ ಜಾಗ ಬಂತು. ಬೆಂಗಳೂರಿನ ತನಕ ಕೂರುತ್ತೇನೆ, ಅದಕ್ಕಿಂತ ದೂರ ಆದರೆ ಮುಂದಿನ ಸೀಟು ಕೊಡಿ ಅಂದ. ನ್ಯಾಯವೇ.

ಇಷ್ಟೆಲ್ಲ ಇಮ್ಯಾಕ್ಸ್ 7ರ ಕಡೆಗೇ ಬಂತು. ಹಾಗಾದರೆ?

ಬಿಡಿ ಸೀಟಿಗೆ ನಮ್ಮ ಕಡೆ ಒಂದು ತೊಂದರೆ ಇದೆ. ಮದುವೆಗೋ ತಿಥಿಗೋ ಸರಿಯಾಗಿ ಆರೇ ಜನ ಹೊರಟದ್ದು ನನಗೆ ನೆನಪಿಲ್ಲ. ಗೇಟಿನ ಹತ್ತಿರ ಚಿಕ್ಕತ್ತೆ ನಿಂತಿರುತ್ತಾರೆ. "ಸ್ವಲ್ಪ ಸರಿದುಕೊಂಡರೆ ಆಯ್ತು" ಅನ್ನುತ್ತಾರೆ. ಬೆಂಚಿನಲ್ಲಿ ಸರಿಯಬಹುದು. ಓಣಿಯಲ್ಲಿ ಯಾರನ್ನು ಕೂರಿಸುವುದು? ಏಳು ಸೀಟಿನ ಇಮ್ಯಾಕ್ಸ್ 7 ತೆಗೆದುಕೊಳ್ಳಬಹುದು, ಆದರೆ ಆಗ ಅದರ ದೊಡ್ಡ ಗುಣವೇ ಹೋಗುತ್ತದೆ.

ಇನ್ನು ಸಾಮಾನು. ಮೂರೂ ಸಾಲು ಎತ್ತಿ ನಿಲ್ಲಿಸಿದರೆ ಇಮ್ಯಾಕ್ಸ್ 7ರ ಡಿಕ್ಕಿ 180 ಲೀಟರ್. ಎರಡು ಸಣ್ಣ ಬ್ಯಾಗು, ಒಂದು ತೆಂಗಿನಕಾಯಿ ಚೀಲ, ಮುಗಿಯಿತು. ಮಹೀಂದ್ರಾದಲ್ಲೂ ಹಿಂದೆ ಇಕ್ಕಟ್ಟೇ. ಆದರೆ ಮುಂದಿನ ಬಾನೆಟ್ ಅಡಿಯಲ್ಲಿ 150 ಲೀಟರ್ ಜಾಗ ಬೇರೆ ಇದೆ. ತೋಟದಿಂದ ಬರುವಾಗ ಹಲಸಿನಹಣ್ಣನ್ನು ಅಲ್ಲಿ ಹಾಕಿದರೆ ಕಾರೊಳಗೆ ವಾಸನೆ ಬರುವುದಿಲ್ಲ. ಈ ಒಂದು ಮಾತಿಗೆ ಮಾವ ಪಕ್ಷ ಬದಲಾಯಿಸಿದರು.

ತೋಟದ ರಸ್ತೆ ವಿಷಯದಲ್ಲಿ ನನಗೂ ಯಜಮಾನರಿಗೂ ಜಗಳವೇ ಆಯಿತು. ತೋಟಕ್ಕೆ ಜೀಪು ಇದೆ, ಪಿಕಪ್ ಇದೆ, ಮನೆ ಕಾರು ಕೆಸರಿಗೆ ಇಳಿಯುವುದೇ ಬೇಡ ಅನ್ನೋದು ನನ್ನ ವಾದ. ಎತ್ತರದ ಕಾರು ಕೊಳ್ಳುವ ಅರ್ಧ ಜನಕ್ಕೆ ಎತ್ತರ ಬೇಕಾಗಿರುವುದಿಲ್ಲ, ಸುಮ್ನೆ ಗತ್ತು. ಆದರೆ ಅವರು ಒಂದು ಸರಿಯಾದ ಮಾತು ಹೇಳಿದರು. ಆರು ಜನ ಕೂತ ಮೇಲೆ 170 ಮಿಲಿಮೀಟರ್ 170 ಆಗಿ ಉಳಿಯುವುದಿಲ್ಲ, ಸ್ಪ್ರಿಂಗ್ ಕುಗ್ಗುತ್ತದೆ. ನಮ್ಮ ನೆಂಟರ ಮನೆಗಳೆಲ್ಲ ಡಾಂಬರು ಮುಗಿದ ಮೇಲೇ ಶುರುವಾಗುವುದು. ಇನ್ನೊಂದು, ಇಮ್ಯಾಕ್ಸ್ 7ರಲ್ಲಿ ಎಳೆಯುವುದು ಮುಂದಿನ ಚಕ್ರ, 9ಎಸ್‌ನಲ್ಲಿ ತಳ್ಳುವುದು ಹಿಂದಿನ ಚಕ್ರ. ಜನ ತುಂಬಿ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ. ಮುಂದಿನ ಚಕ್ರ ಹಗುರಾಗಿ ಕೆಸರಿನಲ್ಲಿ ಸುಮ್ಮನೆ ಸುತ್ತುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತ ಜಾಸ್ತಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನಲ್ಲಿ ಇದು ಪುಸ್ತಕದ ಮಾತಲ್ಲ. ಇಲ್ಲಿ ನಾನು ಸೋತೆ.

ಕಿಲೋಮೀಟರ್ ಲೆಕ್ಕಕ್ಕೆ ಬರೋಣ, ಇದು ನನ್ನ ಇಲಾಖೆ. ಇಮ್ಯಾಕ್ಸ್ 7ರ ದೊಡ್ಡ ಬ್ಯಾಟರಿ 71.8 ಯುನಿಟ್ (ಕಿಲೋವ್ಯಾಟ್ ಅವರ್), ಬ್ರೋಷರ್‌ನಲ್ಲಿ 530 ಕಿ.ಮೀ. 9ಎಸ್‌ನ ದೊಡ್ಡದು 79 ಯುನಿಟ್, 679 ಕಿ.ಮೀ. ಅಬ್ಬಾ, 149 ಕಿ.ಮೀ. ವ್ಯತ್ಯಾಸ ಅಂತ ಬೀಳಬೇಡಿ. ಒಂದು ಎನ್‌ಇಡಿಸಿ ಅನ್ನೋ ಯುರೋಪಿನ ಹಳೇ ಪರೀಕ್ಷೆಯ ಅಂಕಿ, ಇನ್ನೊಂದು ಎಂಐಡಿಸಿ ಅನ್ನೋ ನಮ್ಮ ದೇಶದ ಪರೀಕ್ಷೆಯದು. ಅಳತೆಯೇ ಬೇರೆ, ಪಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ. ನಾನು ಹೀಗೆ ಹಿಡಿದೆ: ಹೆದ್ದಾರಿಯಲ್ಲಿ, ಎಸಿ ಹಾಕಿ, ಆರು ಜನ ಕೂತರೆ ಇಮ್ಯಾಕ್ಸ್ 7ಕ್ಕೆ ನೂರು ಕಿ.ಮೀ.ಗೆ 17 ಯುನಿಟ್. 9ಎಸ್ ಅಗಲವೂ ಜಾಸ್ತಿ, ಎತ್ತರವೂ ಜಾಸ್ತಿ, ಗಾಳಿ ತಳ್ಳಬೇಕು, ಅದಕ್ಕೆ 18. ಆಗ ಒಂದು ಸುಮಾರು 420 ಕಿ.ಮೀ., ಇನ್ನೊಂದು 440. ನನ್ನ ನೋಟ್‌ಬುಕ್ಕಿನಲ್ಲಿ ವ್ಯತ್ಯಾಸ ಬರೀ 20.

ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ. ಹೋಗಿ ಬಂದರೆ 370. ಎರಡೂ ಕಾರು ಒಂದೇ ಚಾರ್ಜಿನಲ್ಲಿ ಹೋಗಿ ಬರುತ್ತವೆ, ಆದರೆ ಬೆಂಗಳೂರಿನೊಳಗೆ ಸುತ್ತಾಡಿದರೆ ವಾಪಸ್ ಬರುವಾಗ ಎದೆ ಢವಢವ. ದಾರಿಯಲ್ಲಿ ಒಂದು ಸಲ ಹಾಕಿಕೊಳ್ಳಲೇಬೇಕು ಅಂದುಕೊಂಡರೆ ನೆಮ್ಮದಿ. ಮನೆಯಲ್ಲಿ ಯುನಿಟ್‌ಗೆ ಆರು ರೂಪಾಯಿ ಅಂದುಕೊಂಡರೂ ಹೋಗಿ ಬರುವ ಖರ್ಚು 400 ರೂಪಾಯಿ. ಇನ್ನೋವಾಕ್ಕೆ ಮೂರು ಸಾವಿರದ ಹತ್ತಿರ ಆಗುತ್ತಿತ್ತು.

ಘಾಟಿಯ ಲೆಕ್ಕ ಇನ್ನೂ ಮಜವಾಗಿದೆ. ಸಕಲೇಶಪುರದಿಂದ ಘಾಟಿ ಕೆಳಗಿನ ಗುಂಡ್ಯಕ್ಕೆ ಸುಮಾರು 800 ಮೀಟರ್ ಇಳಿಯುತ್ತೇವೆ. ಜನ, ಸಾಮಾನು ಸೇರಿ ಎರಡೂವರೆ ಟನ್ ಅಂತ ಹಿಡಿದರೆ, ವಾಪಸ್ ಹತ್ತಲು ಮಾಮೂಲಿಗಿಂತ ಐದೂವರೆ ಯುನಿಟ್ ಜಾಸ್ತಿ ಬೇಕು. ಅಂದರೆ ಸುಮಾರು 30 ಕಿ.ಮೀ. ಓಡುವಷ್ಟು. ಇಳಿಯುವಾಗ ಮೋಟಾರೇ ಬ್ರೇಕ್ ಆಗಿ ಸ್ವಲ್ಪ ಕರೆಂಟ್ ವಾಪಸ್ ತುಂಬುತ್ತದೆ. ಒಂದು ಎಚ್ಚರಿಕೆ ಮಾತ್ರ: ತೋಟದಲ್ಲಿ ನೂರಕ್ಕೆ ನೂರು ತುಂಬಿಸಿ ನೇರ ಘಾಟಿಗೆ ಇಳಿದರೆ ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ, ಆ ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ. ಹಾಸನದಿಂದ ಹೊರಟವರಿಗೆ ಈ ತೊಂದರೆ ಇಲ್ಲ. ಸಕಲೇಶಪುರ ಮುಟ್ಟುವಷ್ಟರಲ್ಲಿ ಏಳು ಯುನಿಟ್ ಖಾಲಿಯಾಗಿರುತ್ತದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜಾರಿದರೆ ಹಾನುಬಾಳು, ಮೂಡಿಗೆರೆ, ಕೊಟ್ಟಿಗೆಹಾರ ಸುತ್ತಿ ಚಾರ್ಮಾಡಿಯಲ್ಲಿ ಇಳಿಯಬೇಕು. ಧರ್ಮಸ್ಥಳಕ್ಕೆ ಹೊರಡುವಾಗ ಆ ಸುತ್ತಿಗೂ ಆಗುವಷ್ಟು ಬ್ಯಾಟರಿ ಇಟ್ಟುಕೊಂಡಿರಬೇಕು. ದೊಡ್ಡ ಬ್ಯಾಟರಿಯೇ ಬೇಕು ಅಂತ ನಾನು ಪಟ್ಟು ಹಿಡಿದದ್ದು ಇದಕ್ಕೇ.

ಕೊನೆಗೆ ಕಟ್ಟಿಹಾಕಿದ್ದು ದುಡ್ಡು. ಆರು ಸೀಟಿನ, ದೊಡ್ಡ ಬ್ಯಾಟರಿಯ ಇಮ್ಯಾಕ್ಸ್ 7 ಬಿಡುಗಡೆಯಾದಾಗಿನ ಶೋರೂಂ ಬೆಲೆ 29.30 ಲಕ್ಷ. ಸಣ್ಣ ಬ್ಯಾಟರಿಯದೇ 26.90 ಲಕ್ಷ. 9ಎಸ್ ಬಂದಾಗ 19.95 ಲಕ್ಷದಿಂದ 29.45 ಲಕ್ಷದ ತನಕ ಇತ್ತು. ನಮ್ಮ ರಾಜ್ಯದಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ 2024ರಲ್ಲಿ ಶೇ 10ರಷ್ಟು ಜೀವಾವಧಿ ತೆರಿಗೆ ಬಂತು. ಪ್ಯಾಕ್ (ವೇರಿಯಂಟ್‌ಗೆ ಮಹೀಂದ್ರಾದವರ ಹೆಸರು) ಆರಿಸುವಾಗ ನಾನು ಈ ಗೆರೆಯನ್ನು ಮರೆಯಲಿಲ್ಲ. 9ಎಸ್‌ನ ಪ್ಯಾಕ್ ಟೂ ಅಬೋವ್‌ನಲ್ಲಿ 70 ಯುನಿಟ್‌ನದು 24.45 ಲಕ್ಷ, 79ರದು 25.45 ಲಕ್ಷ ಇತ್ತು. ಒಂದು ಲಕ್ಷ ತಾನೇ ಅಂತ ಮೇಲಿನದಕ್ಕೆ ಕೈ ಹಾಕಿದ್ದರೆ ತೆರಿಗೆಯೇ ಎರಡೂವರೆ ಲಕ್ಷ ಆಗುತ್ತಿತ್ತು.

ಯಜಮಾನರಿಗೆ ಎಲ್ಲಕ್ಕಿಂತ ಮೇಲಿನ ಪ್ಯಾಕ್ ಬೇಕಿತ್ತು. ಅಷ್ಟೆಲ್ಲ ಅಲಂಕಾರ ನಮಗೆ ಬೇಡ ಅಂದೆ. ನಾವು ಬುಕ್ ಮಾಡಿದ್ದು ಪ್ಯಾಕ್ ಒನ್ ಅಬೋವ್, 79 ಯುನಿಟ್ ಬ್ಯಾಟರಿ, 21.95 ಲಕ್ಷ. ಬ್ಯಾಟರಿ ದೊಡ್ಡದು, ಅಲಂಕಾರ ಕಡಿಮೆ. ಇಮ್ಯಾಕ್ಸ್ 7ಕ್ಕೂ ಇದಕ್ಕೂ ಶೋರೂಂ ಬೆಲೆಯಲ್ಲೇ ಏಳು ಲಕ್ಷಕ್ಕಿಂತ ಜಾಸ್ತಿ ಅಂತರ, ಅದರ ಮೇಲೆ ತೆರಿಗೆ. ಅತ್ತೆ ಹತ್ತಲು ಸೈಡ್ ಸ್ಟೆಪ್ ಹಾಕಿಸಿ, ಅವರಿಗೆ ಒಳ್ಳೆಯ ಮಂಡಿ ಡಾಕ್ಟರಿಗೂ ತೋರಿಸಿ, ಇನ್ನೂ ದುಡ್ಡು ಉಳಿಯುತ್ತದೆ. ಅತ್ತೆಗೆ ಹಾಗೇ ಹೇಳಿದೆ. "ಲೆಕ್ಕದೋಳು" ಅಂತ ನಕ್ಕರು. ಆದರೂ ಅವರಿಗೆ ಇಮ್ಯಾಕ್ಸ್ 7ರ ಮೇಲೇ ಮನಸ್ಸು, ನನಗೆ ಗೊತ್ತು.

ಇಮ್ಯಾಕ್ಸ್ 7ರ ಇನ್ನೊಂದು ಗುಣ ಬಿಟ್ಟುಕೊಡಲು ನನಗೂ ಬೇಜಾರಾಯಿತು. ಅದರ ಬ್ಯಾಟರಿಯಿಂದ ಹೊರಗೆ ಕರೆಂಟ್ ತೆಗೆದು ಮಿಕ್ಸಿ, ಫ್ಯಾನು ಓಡಿಸಬಹುದು. ಆಷಾಢದ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ತೋಟದ ಮನೆಗೆ ಅದು ವರವೇ ಆಗುತ್ತಿತ್ತು.

ಚಾರ್ಜರ್ ವಿಷಯ ಚುಟುಕಾಗಿ ಹೇಳುತ್ತೇನೆ. 79 ಯುನಿಟ್ ಪೂರ್ತಿ ತುಂಬಲು 7.2 ಕಿಲೋವ್ಯಾಟ್ ಚಾರ್ಜರ್‌ಗೆ ಹನ್ನೊಂದು ಗಂಟೆಗೂ ಜಾಸ್ತಿ ಬೇಕು. ದಿನವೂ ಪೂರ್ತಿ ತುಂಬಿಸುವವರು ಯಾರಿದ್ದಾರೆ? 16 ಆಂಪ್ ಪ್ಲಗ್‌ನಲ್ಲೇ ರಾತ್ರಿಯೆಲ್ಲ ಬಿಟ್ಟರೆ 30 ಯುನಿಟ್ ಬರುತ್ತದೆ, ಹಾಸನ–ಸಕಲೇಶಪುರ ಓಡಾಟಕ್ಕೆ ಧಾರಾಳ ಸಾಕು. ದೊಡ್ಡ ಚಾರ್ಜರ್ ಹಾಕಿಸುವುದಾದರೆ ಮೊದಲು ಮನೆಯ ಲೋಡ್ ಎಷ್ಟು ಮಂಜೂರಾಗಿದೆ ಅಂತ ಬಿಲ್ಲಿನಲ್ಲಿ ನೋಡಿ. ಸಾಲದಿದ್ದರೆ ಹಾಸನದವರು ಕರೆಂಟ್ ಕಂಪನಿ ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಅರ್ಜಿ ಕೊಡಬೇಕು. ಅರ್ತಿಂಗ್ ಸರಿ ಮಾಡಿಸಿ. ಹಳೇ ಮನೆಗಳಲ್ಲಿ ಅದು ಹೆಸರಿಗೆ ಮಾತ್ರ ಇರುತ್ತದೆ.

ನನ್ನ ತಮ್ಮ ಮೈಸೂರಿನಲ್ಲಿದ್ದಾನೆ. ಅವನ ಮನೆಯಲ್ಲೂ ಆರು ಜನ, ಅವರಲ್ಲಿ ಇಬ್ಬರು ಎಪ್ಪತ್ತು ದಾಟಿದವರು. ತೋಟವಿಲ್ಲ, ಕೆಸರಿನ ಏರಿಲ್ಲ, ಓಡಾಟವೆಲ್ಲ ಡಾಂಬರಿನ ಮೇಲೆ. ದುಡ್ಡಿಗೂ ನಮ್ಮಷ್ಟು ಎಳೆದಾಡುವವನಲ್ಲ. ಅವನಿಗೆ ಆರು ಸೀಟಿನ ಇಮ್ಯಾಕ್ಸ್ 7ನ್ನೇ ನೋಡು ಅಂದಿದ್ದೇನೆ. ಅವನಿರುವುದು ಅಪಾರ್ಟ್‌ಮೆಂಟ್‌ನಲ್ಲಿ. ಪಾರ್ಕಿಂಗ್‌ನಲ್ಲಿ ಚಾರ್ಜರ್ ಹಾಕಲು ಸಂಘದವರು ಕಾಗದದಲ್ಲಿ ಬರೆದುಕೊಟ್ಟ ಮೇಲೇ ಅಡ್ವಾನ್ಸ್ ಕಟ್ಟು ಅಂತಲೂ ಹೇಳಿದ್ದೇನೆ.