ಬೇವಿನ ಚಿಗಟ ಸ್ಪ್ರೇ: ನಾಯಿಗೆ ಪರವಾಗಿಲ್ಲ, ಬೆಕ್ಕಿಗೆ ಖಂಡಿತ ಬೇಡ

ಮಳೆಗಾಲದಲ್ಲಿ ಚಿಗಟದ ಕಾಟ ಹೆಚ್ಚಿದಾಗ ಸಾಕುಪ್ರಾಣಿಗಳ ಅಂಗಡಿಯಲ್ಲಿ ಬೇಗ ಖರ್ಚಾಗುವ ಸರಕು ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಪಟ್ಟಿ ಹೊತ್ತ ಸ್ಪ್ರೇಗಳು. ನಾನು ತಂದ ಬಾಟಲಿಯಲ್ಲಿ ಬೇವು, ಮಜ್ಜಿಗೆಹುಲ್ಲು, ನೀಲಗಿರಿ ಮತ್ತು ಟೀ ಟ್ರೀ ಎಣ್ಣೆಗಳಿವೆ. ಮುಂಭಾಗದಲ್ಲಿ ನಾಯಿ ಮತ್ತು ಬೆಕ್ಕಿನ ಚಿತ್ರಗಳು ಅಕ್ಕಪಕ್ಕದಲ್ಲಿವೆಯಾದರೂ ಯಾವ ಎಣ್ಣೆ ಶೇಕಡಾ ಎಷ್ಟಿದೆ ಎಂಬುದನ್ನು ಎಲ್ಲಿಯೂ ಮುದ್ರಿಸಿಲ್ಲ. ಈ ವಸ್ತುವಿನ ಬಗ್ಗೆ ನನ್ನ ಮುಖ್ಯ ಆಕ್ಷೇಪವೂ ಇದೇ.

ನಮ್ಮ ನಾಟಿ ನಾಯಿಯ ಬಾಲದ ಬುಡಕ್ಕೆ ಸಿಂಪಡಿಸಿ ಹೇನಿನ ಬಾಚಣಿಗೆಯಿಂದ ಬಾಚಿದಾಗ ಕರಿಯ ಪುಡಿಯ ಜೊತೆಗೆ ಮಂಕಾದ ಚಿಗಟಗಳೂ ಬಂದವು. ಆ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉಜ್ಜಿದರೆ ಕೆಂಪಗೆ ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ, ಅಂದರೆ ಚಿಗಟದ ಹಿಕ್ಕೆ. ಚಿಗಟಗಳು ಮಾತ್ರ ಸತ್ತಿರಲಿಲ್ಲ. ಸೋಪಿನ ನೀರಿಗೆ ಹಾಕಿದ ಮೇಲೆಯೇ ಮುಳುಗಿದವು. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೀಟದ ಮರಿಗಳು ಪೊರೆ ಕಳಚಿ ಬೆಳೆಯುವುದಕ್ಕೆ ಅಡ್ಡಿಯಾಗುತ್ತದೆಯೇ ಹೊರತು ಬೆಳೆದ ಚಿಗಟವನ್ನು ನಿಂತಲ್ಲೇ ಕೊಲ್ಲುವಂಥದ್ದಲ್ಲ. ಅಲ್ಲದೆ ಮೈಮೇಲೆ ಕಾಣುವ ಚಿಗಟಗಳು ಒಟ್ಟು ಸಂತತಿಯ ಶೇಕಡಾ 5ರಷ್ಟು ಮಾತ್ರ ಎಂದು ಪಶುವೈದ್ಯರು ಅಂದಾಜಿಸುತ್ತಾರೆ. ಉಳಿದದ್ದು ಮೊಟ್ಟೆ, ಮರಿ, ಕೋಶಗಳಾಗಿ ಹಾಸಿಗೆಯಲ್ಲಿ, ನೆಲದ ಸಂದಿಯಲ್ಲಿ ಇರುತ್ತದೆ. ಆದ್ದರಿಂದ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು, ಮನೆಯನ್ನು ವ್ಯಾಕ್ಯೂಮ್ ಮಾಡದಿದ್ದರೆ ಕೆಲವೇ ದಿನಗಳಲ್ಲಿ ಕೆರೆತ ಮರುಕಳಿಸುತ್ತದೆ.

ಬೆಕ್ಕಿನ ವಿಷಯ ಬೇರೆಯೇ. ಇಂಥ ಎಣ್ಣೆಗಳಲ್ಲಿರುವ ಹಲವು ಅಂಶಗಳನ್ನು ಅರಗಿಸಿ ಹೊರಹಾಕುವ ಸಾಮರ್ಥ್ಯ ಅದರ ಯಕೃತ್ತಿಗೆ ಬಹಳ ಕಡಿಮೆ; ಮೇಲಾಗಿ ಅದು ದಿನವಿಡೀ ಮೈ ನೆಕ್ಕುವುದರಿಂದ ಸಿಂಪಡಿಸಿದ್ದೆಲ್ಲ ಹೊಟ್ಟೆಗೇ ಸೇರುತ್ತದೆ. ಟೀ ಟ್ರೀ ಎಣ್ಣೆಯಿಂದ ಜೊಲ್ಲು ಸುರಿಯುವುದು, ನಡುಕ, ತೂರಾಟ ಕಾಣಿಸಿಕೊಳ್ಳಬಹುದು. ಗಟ್ಟಿಯಾಗಿದ್ದರೆ ನಾಯಿಗೂ ಅಪಾಯ ತಪ್ಪಿದ್ದಲ್ಲ. ಪ್ರಮಾಣವನ್ನೇ ಹೇಳದ ಬಾಟಲಿಯನ್ನು ಬೆಕ್ಕಿನ ಮೇಲೆ ಪರೀಕ್ಷಿಸುವ ಗೋಜಿಗೆ ನಾನು ಹೋಗಲಿಲ್ಲ.

ಪೆಟ್ಟಿಗೆಯೊಳಗಿನ ಚೀಟಿ ಇದಕ್ಕಿಂತ ಬೇಜವಾಬ್ದಾರಿಯದು. ಊಟದಲ್ಲಿ ಬೆಳ್ಳುಳ್ಳಿ ಬೆರೆಸಿ ಕೊಡಿ ಎಂಬ ಸಲಹೆ ಅದರಲ್ಲಿದೆ, ಆದರೆ ಬೆಳ್ಳುಳ್ಳಿ ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಹಾಳುಮಾಡಿ ರಕ್ತಹೀನತೆ ತರಬಲ್ಲದು. ಕೊಬ್ಬರಿ ಎಣ್ಣೆಗೆ ಕರ್ಪೂರ ಬೆರೆಸಿ ಹಚ್ಚುವ ಮನೆಮದ್ದೂ ಇದೇ ಸಾಲಿಗೆ ಸೇರುತ್ತದೆ. ಕರ್ಪೂರ ಚರ್ಮದ ಮೂಲಕವೂ ಒಳಸೇರಿ ಸೆಳೆತ ಉಂಟುಮಾಡಬಹುದು.

ಪೂರ್ಣ ಬೆಳೆದ, ಚರ್ಮದಲ್ಲಿ ಗಾಯವಿಲ್ಲದ ನಾಯಿಯನ್ನು ಬಾಚುವ ಮುನ್ನ ಸಿಂಪಡಿಸಲು ಇದನ್ನು ಬಳಸಬಹುದು. ಐದರಲ್ಲಿ ಎರಡು ಅಂಕ. ಮನೆಯಲ್ಲಿ ಬೆಕ್ಕಿದ್ದರೆ ಕೊಳ್ಳಬೇಡಿ, ಏಕೆಂದರೆ ಅದು ನಾಯಿಯ ಮೈಯನ್ನೂ ನೆಕ್ಕುತ್ತದೆ. ಈಗಾಗಲೇ ಹಾಕಿ ಬೆಕ್ಕು ಜೊಲ್ಲು ಸುರಿಸುತ್ತಿದ್ದರೆ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ತಕ್ಷಣ ಪಶುವೈದ್ಯರ ಬಳಿಗೆ ಹೋಗಿ.