ತೆರಿಗೆ ದೂರಿನ ಪೋರ್ಟಲ್: ಐದಕ್ಕೆ ಮೂರೂವರೆ ಸ್ಟಾರ್

'ಇನ್‌ಕಮ್ ಟ್ಯಾಕ್ಸ್‌ನವರ ಮೇಲೆ ದೂರು ಇದ್ದರೆ ಓಂಬುಡ್ಸ್‌ಮನ್‌ಗೆ ಬರಿ ಮಾರಾಯಾ' ಎಂದು ಶಿರಸಿ ಪೇಟೆಯಲ್ಲಿ ಈಗಲೂ ಸಲಹೆ ಕೊಡುವವರಿದ್ದಾರೆ. ಬರೆಯಲು ಆ ಹುದ್ದೆ, ಅಂದರೆ ಜನರ ದೂರು ಕೇಳಿ ಇತ್ಯರ್ಥ ಮಾಡುವ ಅಧಿಕಾರಿ, ಇರಬೇಕಲ್ಲ. 2003ರಲ್ಲಿ ಶುರುವಾದದ್ದನ್ನು 2019ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ರದ್ದು ಮಾಡಿತು. ಪರೋಕ್ಷ ತೆರಿಗೆಯ ಓಂಬುಡ್ಸ್‌ಮನ್ ಕೂಡ ಅದೇ ದಿನ ಹೋಯಿತು. ಹೊಸ ದೂರುಗಳು ಒಂದಂಕಿಗೆ ಇಳಿದಿವೆ, ಜನ ಆನ್‌ಲೈನ್ ದಾರಿ ಹಿಡಿದಿದ್ದಾರೆ ಎಂದು ಸರ್ಕಾರ ಕಾರಣ ಕೊಟ್ಟಿತು. ಕಚೇರಿ ಬೆಂಗಳೂರಿನಲ್ಲಿತ್ತು. ಘಟ್ಟದ ಮೇಲಿನ ತೋಟದ ಮನೆಯವರಿಗೆ ಅಂಥದ್ದೊಂದು ಇದೆ ಎಂದು ಯಾರಾದರೂ ಹೇಳಿದ್ದರೆ ತಾನೇ ದೂರು ಬರುವುದು?

ಈಗ ಉಳಿದಿರುವುದು ಎರಡು ಬಾಗಿಲು. ಒಂದು, ರಿಟರ್ನ್ ಹಾಕುವ ಇ-ಫೈಲಿಂಗ್ ವೆಬ್‌ಸೈಟಿನೊಳಗೇ ಇರುವ 'ಗ್ರೀವೆನ್ಸಸ್' ವಿಭಾಗ. ಇನ್ನೊಂದು, ಕೇಂದ್ರ ಸರ್ಕಾರದ ಎಲ್ಲ ಇಲಾಖೆಗಳಿಗೂ ಸೇರಿದ ದೂರಿನ ಪೋರ್ಟಲ್ ಸಿಪಿಗ್ರಾಮ್ಸ್. ನಮ್ಮ ಆಯಿಯ (ಅಮ್ಮನ) ತೆರಿಗೆ ರೀಫಂಡ್ ಕೆಲಸಕ್ಕೆ ನಾನು ಎರಡನ್ನೂ ಬಳಸಿದ್ದೇನೆ. ಆ ಅನುಭವದ ಮೇಲೆ ಈ ರಿವ್ಯೂ.

ವಿಷಯ ಇಷ್ಟು. ಆಯಿಗೆ 78 ವರ್ಷ. ಅಡಿಕೆ ತೋಟದ ಆದಾಯಕ್ಕೆ ಹೇಗೂ ಕೇಂದ್ರದ ತೆರಿಗೆ ಇಲ್ಲ. ಒಂದು ಬ್ಯಾಂಕಿನಲ್ಲಿ ಎಫ್‌ಡಿ ಇದೆ. 2023-24ರ ಸಾಲಿಗೆ 15ಎಚ್ ಫಾರ್ಮ್ (ತೆರಿಗೆ ಬೀಳುವುದಿಲ್ಲ, ಕಡಿತ ಬೇಡ ಎಂದು ಹಿರಿಯರು ಬ್ಯಾಂಕಿಗೆ ಬರೆದುಕೊಡುವುದು) ಕೊಟ್ಟಿದ್ದರೂ ಬಡ್ಡಿಯಲ್ಲಿ ಶೇ 10ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ, ಮುರಿದುಕೊಂಡರು. ಹೋಗಲಿ, ರಿಟರ್ನ್ ಹಾಕಿ ವಾಪಸ್ ಪಡೆಯೋಣ ಎಂದರೆ 26ಎಎಸ್‌ನಲ್ಲಿ (ನಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಆ ದುಡ್ಡಿನ ಸುಳಿವೇ ಇಲ್ಲ! ರಿಟರ್ನ್ ಪ್ರೊಸೆಸ್ ಆಗಿ 143(1)ರ ಇಂಟಿಮೇಶನ್, ಅಂದರೆ ಇಲಾಖೆಯ ಲೆಕ್ಕದ ತಿಳಿವಳಿಕೆ ಪತ್ರ, ಬಂದಾಗ ಟಿಡಿಎಸ್ ಜಾಗದಲ್ಲಿ ಸೊನ್ನೆ, ರೀಫಂಡ್ ಜಾಗದಲ್ಲೂ ಸೊನ್ನೆ.

ಇ-ಫೈಲಿಂಗ್ ದೂರಿನಿಂದ ಶುರು ಮಾಡಿದೆ. ಇಲ್ಲಿ ಮೊದಲ ತೊಡಕು, ಯಾರ ಮೇಲೆ ದೂರು ಎಂದು ನೀವೇ ಆರಿಸಬೇಕು. ರಿಟರ್ನ್ ಪ್ರೊಸೆಸ್ ಮಾಡುವವರಾ, ಟಿಡಿಎಸ್ ನೋಡುವವರಾ, ನಿಮ್ಮ ತೆರಿಗೆ ಲೆಕ್ಕ ಪರಿಶೀಲಿಸುವ ಅಸೆಸಿಂಗ್ ಆಫೀಸರಾ? ತಪ್ಪು ಎಲ್ಲಾಗಿದೆ ಎಂದು ಗೊತ್ತಿಲ್ಲದೇ ತಾನೇ ದೂರು ಕೊಡುತ್ತಿರುವುದು. ಎರಡು ಸ್ಟಾರ್ ನಾನು ಇಲ್ಲೇ ಕಳೆದೆ. ಉತ್ತರ ಮಾತ್ರ ಬೇಗ ಬಂತು: 'ಕಡಿತ ಮಾಡಿದವರು (ಅಂದರೆ ಬ್ಯಾಂಕಿನವರು) ತಮ್ಮ ಟಿಡಿಎಸ್ ರಿಟರ್ನ್ ತಿದ್ದಿದರೆ ಕ್ರೆಡಿಟ್ ಸಿಗುತ್ತದೆ.' ಕೆಳಗೆ 'ರಿಸಾಲ್ವ್ಡ್' ಎಂದು ಷರಾ. ಪರಿಹಾರವಂತೂ ಆಗಿರಲಿಲ್ಲ, ಆದರೆ ಹೇಳಿದ್ದು ಸರಿಯಾಗಿತ್ತು. ಅದಕ್ಕೆ ಕಳೆದ ಸ್ಟಾರಿನಲ್ಲಿ ಅರ್ಧ ವಾಪಸ್ ಕೊಟ್ಟಿದ್ದೇನೆ.

ಸಿಪಿಗ್ರಾಮ್ಸ್ ಬಳಸಲು ಇದಕ್ಕಿಂತ ಸಲೀಸು. ಮೊಬೈಲ್ ಓಟಿಪಿ ಸಾಕು, ಶುಲ್ಕ ಇಲ್ಲ, ಇನ್‌ಕಮ್ ಟ್ಯಾಕ್ಸ್ ಇಲಾಖೆಯನ್ನು ನೋಡಿಕೊಳ್ಳುವ ನೇರ ತೆರಿಗೆ ಮಂಡಳಿಯನ್ನು ಆರಿಸಿ ಪಿಡಿಎಫ್ ಸೇರಿಸಬೇಕು, ಅಷ್ಟೇ. 2024ರ ಆಗಸ್ಟ್‌ನಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ 21 ದಿನದೊಳಗೆ ದೂರು ಮುಗಿಸಬೇಕು. ಮೊದಲು 30 ಇತ್ತು. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಅಪೀಲು. ದೂರು ಮುಚ್ಚಿದ ಮೇಲೆ ಅಭಿಪ್ರಾಯ ಕೇಳುತ್ತಾರೆ. ತೃಪ್ತಿ ಇಲ್ಲ ಎಂದರೆ 30 ದಿನದೊಳಗೆ ಮೇಲಿನ ಅಧಿಕಾರಿಗೆ ಹೋಗಬಹುದು. ನಮ್ಮ ಕಡೆಯವರಿಗೆ ಏನು ಕೇಳಿದರೂ 'ಅಡ್ಡಿಲ್ಲ' ಎನ್ನುವ ಅಭ್ಯಾಸ. ದಯವಿಟ್ಟು ಇಲ್ಲಿ ಆ ದಾಕ್ಷಿಣ್ಯ ಬೇಡ. ಕೆಲಸ ಆಗಿಲ್ಲದಿದ್ದರೆ ಆಗಿಲ್ಲ ಎಂದೇ ಒತ್ತಿ.

ಬರೆಯುವ ರೀತಿಯೂ ಮುಖ್ಯ. ಸಿಟ್ಟನ್ನೆಲ್ಲ ಸುರಿದು ಎರಡು ಪುಟ ಬರೆದರೆ ಓದುವವರಿಗೆ ಅಸಲು ವಿಷಯ ಸಿಗುವುದಿಲ್ಲ. ಪ್ಯಾನ್, ಯಾವ ಸಾಲಿನದು, ಎಷ್ಟು ರೂಪಾಯಿ, ರಿಟರ್ನಿನ ಅಕ್ನಾಲೆಜ್‌ಮೆಂಟ್ ನಂಬರ್, ಏನಾಗಬೇಕು. ಇವಿಷ್ಟು ಹತ್ತು ಸಾಲಿನಲ್ಲಿ ಇರಲಿ. ಮತ್ತೆ, ಇದು ದೂರು, ಮೇಲ್ಮನವಿ ಅಲ್ಲ. ನಿಮ್ಮ ಮೇಲೆ ಅಸೆಸ್‌ಮೆಂಟ್ ಆರ್ಡರ್ (ತೆರಿಗೆ ಇಷ್ಟು ಎಂದು ನಿಗದಿ ಮಾಡುವ ಆದೇಶ) ಆಗಿದ್ದರೆ ಮೇಲ್ಮನವಿ ಕೇಳುವ ಕಮಿಷನರ್ ಅಪೀಲ್ಸ್‌ಗೆ ಹೋಗಲು ಇರುವುದು 30 ದಿನ. ದೂರು ಕೊಟ್ಟಿದ್ದೇನಲ್ಲ ಎಂದು ಸುಮ್ನೆ ಕೂತರೆ ಆ ಗಡುವು ನಿಮಗಾಗಿ ಕಾಯುವುದಿಲ್ಲ.

ಆಯಿಯ ದುಡ್ಡು ಎಲ್ಲಿ ಹೋಗಿತ್ತು ಅಂತೀರಾ? ಬ್ಯಾಂಕಿನವರು ಆಯಿಯ ಎಫ್‌ಡಿಗೆ ಅದೇ ಹೆಸರಿನ ಇನ್ನೊಬ್ಬ ಗ್ರಾಹಕರ ಪ್ಯಾನ್ ಜೋಡಿಸಿಬಿಟ್ಟಿದ್ದರು. ಶಿರಸಿ ಸೀಮೆಯಲ್ಲಿ ಒಂದೇ ಹೆಸರಿನ ಹೆಗಡೇರು, ಭಟ್ಟರು ಒಂದು ಬ್ರಾಂಚಿಗೆ ನಾಲ್ಕು ಜನ ಸಿಗುತ್ತಾರೆ, ಅದೇನು ಹೊಸತಲ್ಲ. 15ಎಚ್ ಲೆಕ್ಕಕ್ಕೆ ಬಾರದೇ ಹೋದದ್ದೂ ಇದರಿಂದಲೇ. ಬ್ರಾಂಚಿನಲ್ಲಿ ಕೇಳಿದರೆ 'ಹೆಡ್ ಆಫೀಸಿಗೆ ಕಳಿಸಿದ್ದೇವೆ ಸರ್' ಎಂಬ ಒಂದೇ ಮಾತು. ಮನೆಗೆ ಬಂದರೆ 'ತಮಾ, ದುಡ್ಡು ಬಂತನಾ?'

ಕೊನೆಗೆ ಕೆಲಸ ಮಾಡಿಕೊಟ್ಟದ್ದು ಓಂಬುಡ್ಸ್‌ಮನ್ನೇ, ಆದರೆ ರಿಸರ್ವ್ ಬ್ಯಾಂಕಿನದು. 2021ರ ನವೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ಯೋಜನೆ ಇದೆ. ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ಆರ್‌ಬಿಐ ಪೋರ್ಟಲ್‌ನಲ್ಲಿ ಹಾಕಬಹುದು. ಕಂಪ್ಯೂಟರ್ ಬಾರದವರು ಚಂಡೀಗಡಕ್ಕೆ ಅಂಚೆಯಲ್ಲೂ ಕಳಿಸಬಹುದು. ಮಾಹಿತಿಗೆ ಫೋನ್ ನಂಬರ್ 14448. ಇಲಾಖೆ ಕೊಟ್ಟ ಆ ಎರಡು ಸಾಲಿನ ಉತ್ತರವನ್ನು ನಾನು ಈ ದೂರಿಗೆ ಲಗತ್ತಿಸಿದ್ದೆ. ತಪ್ಪು ಯಾರ ಕಡೆ ಎಂಬ ವಾದವೇ ಏಳಲಿಲ್ಲ. ಅಲ್ಲಿಂದ ನೋಟಿಸ್ ಹೋದ ಮೇಲೆ ಬ್ಯಾಂಕಿನವರೇ ಫೋನ್ ಮಾಡಿ 'ತಿದ್ದುಪಡಿ ಹಾಕಿದ್ದೇವೆ, ನೋಡಿಕೊಳ್ಳಿ' ಎಂದರು. 26ಎಎಸ್‌ನಲ್ಲಿ ಮೊತ್ತ ಕಂಡ ಮೇಲೆ ಇ-ಫೈಲಿಂಗ್‌ನಲ್ಲಿ ರೆಕ್ಟಿಫಿಕೇಶನ್ (ತಪ್ಪು ತಿದ್ದುವ) ವಿಭಾಗಕ್ಕೆ ಹೋಗಿ 'ರೀಪ್ರೊಸೆಸ್' ಒತ್ತಿದೆ. ರೀಫಂಡ್ ಬಡ್ಡಿ ಸಮೇತ ಬಂತು, ತಿಂಗಳಿಗೆ ಅರ್ಧ ಪರ್ಸೆಂಟ್ ಲೆಕ್ಕದಲ್ಲಿ. ಆ ಬಡ್ಡಿಯನ್ನೂ ಮುಂದಿನ ರಿಟರ್ನಿನಲ್ಲಿ ಆದಾಯ ಎಂದು ತೋರಿಸಬೇಕು, ಮರೆಯಬೇಡಿ.

ಹಾಗಾಗಿ ಸಿಪಿಗ್ರಾಮ್ಸ್ ಮತ್ತು ಇ-ಫೈಲಿಂಗ್ ಸೇರಿ ಮೂರೂವರೆ ಸ್ಟಾರ್, ಆರ್‌ಬಿಐ ಓಂಬುಡ್ಸ್‌ಮನ್‌ಗೆ ನಾಲ್ಕೂವರೆ. ಅಲ್ಲಿ ಅರ್ಧ ಕಡಿಮೆ ಮಾಡಿದ್ದಕ್ಕೆ ಕಾರಣ ಇದೆ. ನಮ್ಮ ಊರುಗಳಲ್ಲಿ ಜಾಸ್ತಿ ದುಡ್ಡು ಇರುವುದು ಹಳ್ಳಿಯ ಸೇವಾ ಸಹಕಾರಿ ಸಂಘಗಳಲ್ಲಿ, ಅಂದರೆ ಸೊಸೈಟಿಗಳಲ್ಲಿ. ಅವು ಈ ಯೋಜನೆಯ ಒಳಗೆ ಬರುವುದಿಲ್ಲ. ಸೊಸೈಟಿ ಠೇವಣಿಯ ತಕರಾರಿದ್ದರೆ ಸಹಕಾರ ಇಲಾಖೆಯ ರಿಜಿಸ್ಟ್ರಾರ್ ಕಚೇರಿಯ ದಾರಿಯನ್ನೇ ಹಿಡಿಯಬೇಕು.