ಜಿಪಿಎಸ್ ವೇಗದ ಲಾಗರ್: ಕೆಲವು ವರ್ಷಗಳ ಟ್ರ್ಯಾಕ್ ಬಳಕೆಯ ನಂತರ

ಕಾರಿನ ಗರಿಷ್ಠ ವೇಗ ತಿಳಿಯುವುದಕ್ಕಷ್ಟೇ ಈ ಉಪಕರಣ ಕೊಳ್ಳಬೇಕೆಂದಿದ್ದರೆ ಬೇಡ. ಆ ಕುತೂಹಲ ಬಹಳ ಬೇಗ ತಣಿಯುತ್ತದೆ. ಕೆಲವು ವರ್ಷಗಳಿಂದ ಇದನ್ನು ರೇಸ್ ಟ್ರ್ಯಾಕಿನಲ್ಲಿ ಬಳಸುತ್ತಿದ್ದೇನೆ. ಈಗ ಕಾರಿನಿಂದ ಇಳಿದ ಕೂಡಲೇ ನಾನು ಹುಡುಕುವುದು ನೇರ ದಾರಿಯ ಕೊನೆಯ ಸಂಖ್ಯೆಯನ್ನಲ್ಲ, ಪ್ರತಿ ತಿರುವಿನೊಳಗಿನ ಕನಿಷ್ಠ ವೇಗವನ್ನು. ಸುತ್ತಿನ ಸಮಯ ಇಳಿಯುವುದು ಅಲ್ಲಿಂದಲೇ.

ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ. ಸೆಕೆಂಡಿಗೆ 25 ಬಾರಿ ವೇಗ ದಾಖಲಿಸುವ ರಿಸೀವರ್, ಜೊತೆಗೆ ವೇಗದ ಏರಿಳಿತ ಅಳೆಯುವ ಆಕ್ಸೆಲೆರೋಮೀಟರ್ ಮತ್ತು ತಿರುಗುವಿಕೆ ಅಳೆಯುವ ಗೈರೋ, ಚಾವಣಿಗೆ ಅಂಟುವ ಆಯಸ್ಕಾಂತದ ಆಂಟೆನಾ, ಕಾರಿನೊಳಗಿನ ಗಣಕಗಳು ಮಾಹಿತಿ ಹಂಚಿಕೊಳ್ಳುವ ತಂತಿಜಾಲವಾದ ಕ್ಯಾನ್ ಬಸ್‌ಗೆ ಜೋಡಿಸುವ ಕೇಬಲ್. ಗಂಟೆಗೆ 200 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 55.6 ಮೀಟರ್ ಸಾಗುತ್ತದೆ. ಸೆಕೆಂಡಿಗೊಮ್ಮೆ ಮಾತ್ರ ಅಳೆಯುವ ಮೊಬೈಲ್ ಆ್ಯಪ್‌ನಲ್ಲಿ ಬ್ರೇಕ್ ಹಾಕುವ ಜಾಗವೆಲ್ಲ ಎರಡು ಮೂರು ಚುಕ್ಕಿಗಳಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಎರಡು ಚುಕ್ಕಿಗಳ ನಡುವೆ 2.2 ಮೀಟರ್. ಬ್ರೇಕ್ ಎಲ್ಲಿ ಒತ್ತಿದೆ, ಎಲ್ಲಿ ಸಡಿಲಿಸಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಜಿಪಿಎಸ್ ಎಂದರೆ ಎರಡು ಸ್ಥಾನಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸುವುದು ಎಂದು ಹಲವರು ತಿಳಿದಿದ್ದಾರೆ. ಒಳ್ಳೆಯ ಲಾಗರ್ ಹಾಗೆ ಮಾಡುವುದಿಲ್ಲ. ಉಪಗ್ರಹ 1575.42 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಸಂಕೇತದ ಆವರ್ತನ ಚಲನೆಯಿಂದ ಎಷ್ಟು ಬದಲಾಯಿತು ಎಂಬ ಡಾಪ್ಲರ್ ಲೆಕ್ಕದಿಂದ ವೇಗವನ್ನು ನೇರವಾಗಿ ಪಡೆಯುತ್ತದೆ. ಆದ್ದರಿಂದಲೇ ನಕ್ಷೆಯಲ್ಲಿ ಕಾರು ಒಂದೆರಡು ಮೀಟರ್ ಪಕ್ಕಕ್ಕೆ ಸರಿದಂತೆ ಕಂಡರೂ, ತೆರೆದ ಆಕಾಶದ ಕೆಳಗೆ ವೇಗದ ಅಂಕಿ ನಂಬಿಕೆಗೆ ಅರ್ಹವಾಗಿರುತ್ತದೆ.

ಕಾರಿನ ಸ್ಪೀಡೋಮೀಟರ್ ಇದಕ್ಕಿಂತ ಹೆಚ್ಚು ತೋರಿಸುತ್ತದೆ, ಅದು ದೋಷವಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸುವುದಾದರೆ ನಿಜ ವೇಗದ ಹತ್ತನೇ ಒಂದು ಭಾಗದ ಜೊತೆಗೆ ಗಂಟೆಗೆ 4 ಕಿ.ಮೀ. ತನಕ ಅವಕಾಶವಿದೆ.

ಉಪಕರಣದ ನಿಜವಾದ ಬೆಲೆ ನನಗೆ ತಿಳಿದದ್ದು ಕ್ಯಾನ್ ಕೇಬಲ್ ಜೋಡಿಸಿದ ಮೇಲೆ. ಗಟ್ಟಿ ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗಾಗಿ ಪ್ರತಿ ಚಕ್ರದ ಬಳಿಯೂ ಒಂದು ಸಂವೇದಕವಿರುತ್ತದೆ, ಅದರ ಅಳತೆ ಈ ಕೇಬಲ್ ಮೂಲಕ ಲಾಗರಿಗೆ ಬರುತ್ತದೆ. ಹಳೆಯ ಬಗೆಯದು ಹಲ್ಲಿನ ಉಂಗುರದೆದುರು ಇಟ್ಟ ಸುರುಳಿ. ಚಕ್ರ ತೀರಾ ನಿಧಾನವಾದರೆ ಅದರ ಸಂಕೇತವೇ ಕ್ಷೀಣಿಸುತ್ತದೆ. ಕಾಂತಕ್ಷೇತ್ರವನ್ನೇ ನೇರವಾಗಿ ಗುರುತಿಸುವ, ಹಾಲ್ ಪರಿಣಾಮದ ಹೊಸ ಸಂವೇದಕ ಹೆಚ್ಚುಕಡಿಮೆ ನಿಲ್ಲುವವರೆಗೂ ಸರಿಯಾಗಿ ಎಣಿಸುತ್ತದೆ. ಆದರೆ ಎರಡೂ ಎಣಿಸುವುದು ಚಕ್ರದ ತಿರುಗಾಟವನ್ನು, ಕಾರಿನ ವೇಗವನ್ನಲ್ಲ. ಟೈರಿನ ಅಚ್ಚು 8 ಮಿ.ಮೀ.ಯಿಂದ 1.6 ಮಿ.ಮೀ.ಗೆ ಸವೆದರೆ, 320 ಮಿ.ಮೀ. ತ್ರಿಜ್ಯದ ಚಕ್ರದಲ್ಲಿ ಲೆಕ್ಕ ಶೇ. 2ರಷ್ಟು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾದದ್ದು ಜಾರಿಕೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ, ಚಕ್ರ ನೆಲದ ವೇಗಕ್ಕಿಂತ ಸುಮಾರು ಶೇ. 10ರಿಂದ 20ರಷ್ಟು ನಿಧಾನವಾಗಿ ತಿರುಗುತ್ತಿರುವಾಗಲೇ ಟೈರಿನ ಹಿಡಿತ ಅತ್ಯಧಿಕ. ಅಂದರೆ ನಿಜ ವೇಗ ತಿಳಿಯಲೇಬೇಕಾದ ಹೊತ್ತಿನಲ್ಲೇ ಚಕ್ರ ಬೇರೆಯದನ್ನು ಹೇಳುತ್ತದೆ.

ಚಕ್ರ ಹೇಳುವ ವೇಗ, ಉಪಗ್ರಹ ಹೇಳುವ ವೇಗ, ಈ ಎರಡೂ ಗೆರೆಗಳನ್ನು ಒಂದೇ ಗ್ರಾಫಿನಲ್ಲಿಟ್ಟು ನೋಡಿ. ಅವುಗಳ ನಡುವಿನ ಅಂತರವೇ ಜಾರಿಕೆ. ತಿರುವಿನಿಂದ ಹೊರಬರುವಾಗ ಹಿಂಬದಿ ಚಕ್ರದ ಗೆರೆ ಜಿಗಿದು, ಉಪಗ್ರಹದ ಗೆರೆ ಮಾತ್ರ ಮೊದಲಿನ ಓರೆಯಲ್ಲೇ ಏರುತ್ತಿದ್ದರೆ ಎಂಜಿನ್ನಿನ ಶಕ್ತಿ ಟೈರನ್ನು ಕಾಯಿಸುವುದಕ್ಕೆ ಹೋಗಿದೆ. ಚಾಲಕನಿಗೆ ಆ ಕ್ಷಣ ರೋಮಾಂಚಕವಾಗಿರುತ್ತದೆ, ಕಾರಿಗೆ ಲಾಭವಿಲ್ಲ. ಇದನ್ನು ಇಷ್ಟು ಖಚಿತವಾಗಿ ತೋರಿಸಿಕೊಟ್ಟ ಬೇರೆ ಸಾಧನವನ್ನು ನಾನು ಕಂಡಿಲ್ಲ.

ಕೊರತೆಗಳೂ ಇವೆ. ದಟ್ಟ ಮರಗಳು, ಸೇತುವೆ, ಎತ್ತರದ ಸ್ಟ್ಯಾಂಡ್ ಬಳಿ ಗೆರೆ ಕಂಪಿಸುತ್ತದೆ. ಆಕ್ಸೆಲೆರೋಮೀಟರ್ ಆ ಖಾಲಿಯನ್ನು ತುಂಬುತ್ತದೆ, ಆದರೆ ಕೆಲವೇ ಸೆಕೆಂಡುಗಳ ಮಟ್ಟಿಗೆ. ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು ಬಿಸಿಲಿಗೆ ಮೆತ್ತಗಾಗಿ ಕಳಚುತ್ತದೆ. ನಾನು ಅದನ್ನು ಬಿಟ್ಟು ತಿರುಪು ಹಾಕಿ ಕೂರಿಸಿದ್ದೇನೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟುವ 0–100 ಅಳತೆಯಲ್ಲಿ ‘ರೋಲ್‌ಔಟ್’ ಎಂಬ ಆಯ್ಕೆ ಮೊದಲೇ ಚಾಲೂ ಆಗಿರುತ್ತದೆ. ಅದು ಡ್ರ್ಯಾಗ್ ರೇಸಿನಿಂದ ಬಂದ ಪದ್ಧತಿ, ಮೊದಲ 30 ಸೆಂ.ಮೀ.ಯ ಸಮಯವನ್ನು ಬಿಟ್ಟೇ ಎಣಿಸುತ್ತದೆ. ಇತರರೊಂದಿಗೆ ಹೋಲಿಸುವ ಮುನ್ನ ಅವರದೂ ಹಾಗೆಯೇ ಇದೆಯೇ ಎಂದು ಕೇಳಿ.

ಸಂಖ್ಯೆಯ ಜೊತೆ ಮೂಲ ಕಡತವನ್ನೂ ಉಳಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. 2020ರ ಅಕ್ಟೋಬರಿನಲ್ಲಿ ಎಸ್‌ಎಸ್‌ಸಿ ಟುವಟಾರಾ ಕಾರು ಎರಡು ದಿಕ್ಕಿನ ಸರಾಸರಿಯಲ್ಲಿ ಗಂಟೆಗೆ 508.73 ಕಿ.ಮೀ. ಮುಟ್ಟಿತು ಎಂದು ಘೋಷಿಸಲಾಯಿತು. ನೋಡುಗರು ವಿಡಿಯೊದಲ್ಲಿ ಕಂಡ ರಸ್ತೆಯ ಗುರುತುಗಳ ದೂರವನ್ನು ತಾಳೆ ನೋಡಿದಾಗ ಲೆಕ್ಕ ಕೂಡಲಿಲ್ಲ. ಅಳತೆಯ ಉಪಕರಣ ಒದಗಿಸಿದ್ದ ಕಂಪನಿ ತಾನು ಆ ದತ್ತಾಂಶವನ್ನು ಪರಿಶೀಲಿಸಿಲ್ಲ ಎಂದಿತು. ಆ ವೇಗ ತಲುಪಿರಲಿಲ್ಲವೆಂದು ತಯಾರಕರು ಮರುವರ್ಷ ಒಪ್ಪಿಕೊಂಡರು. ಅಸಾಮಾನ್ಯ ಕಾರಿನ ಹೆಸರಿಗೆ ಅಳತೆಯಿಂದಲೇ ಕಳಂಕ ಬಂದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ಹೊಸದಾಗಿ ಕೊಳ್ಳುವವರು ಸೆಕೆಂಡಿಗೆ 10 ಅಳತೆ, ಅಂದರೆ 10 ಹರ್ಟ್ಸ್‌ಗಿಂತ ಕಡಿಮೆಯದನ್ನು ನೋಡಬೇಡಿ, ಹೊರ ಆಂಟೆನಾ ಇರುವುದನ್ನೇ ಆರಿಸಿ. ಉಪಗ್ರಹವೊಂದು ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡುಗಳಿಗೊಮ್ಮೆ ಪುನಃ ಕಳಿಸುವುದರಿಂದ, ಪೆಟ್ಟಿಗೆಯನ್ನು ಚಾಲೂ ಮಾಡಿ ಒಂದೆರಡು ನಿಮಿಷ ಬಯಲಲ್ಲಿ ನಿಂತು ಆಮೇಲೆ ಹೊರಡಿ. ತಯಾರಕರಲ್ಲಿ ನನ್ನದೊಂದು ಬೇಡಿಕೆ ಇದೆ: ಎಷ್ಟು ಉಪಗ್ರಹಗಳು ಸಿಕ್ಕಿವೆ ಎಂಬುದನ್ನು ಮೆನುವಿನೊಳಗೆ ಅಡಗಿಸದೆ, ವೇಗದ ಪಕ್ಕದಲ್ಲೇ ತೋರಿಸಲಿ.